ಎರಡು ತಾರೀಖುಗಳ ನಡುವೆ ಎಷ್ಟು ದಿನ?

ಸಾಗರದಿಂದ ಮೂರು-ನಾಲ್ಕು ಮೈಲಿ ದೂರದಲ್ಲಿರುವ ಇಕ್ಕೇರಿಯ ಅಘೋರೇಶ್ವರ ದೇವಾಲಯವನ್ನು ನೋಡಿದವರು ಬಹಳ ಮಂದಿ. ಅಲ್ಲಿನ ಕಂಬಗಳ ನಡುವಣ ಅಂತರವೇ ಒಂದು ಕಾಲಕ್ಕೆ ಇಡೀ ಸೀಮೆಯ ಅಡಕೆ ತೋಟಗಳ ಅಳತೆಗೋಲಾಗಿತ್ತು ಎಂಬುದು ಗೊತ್ತಿರುವವರು ಕಡಿಮೆ. ಮೆಟ್ಟಿಲಿನ ಮೇಲೆ ಗುರುತು ಮಾಡಿದ್ದ ಆ ಕೋಲಿನ ಉದ್ದ 18 ಅಡಿ 6 ಅಂಗುಲ ಎಂದು ಬಿ.ಎಲ್. ರೈಸ್ ತಮ್ಮ ಮೈಸೂರು ಗೆಜೆಟಿಯರ್‌ನಲ್ಲಿ ದಾಖಲಿಸಿದ್ದಾರೆ. ಒಂದು ಅಡಕೆ ಮರಕ್ಕೆ ಬಿಡಬೇಕಾದ ಜಾಗ ಅಷ್ಟು. ಯಾವ ಊರಿನ ತೋಟವಾದರೂ ಸರಿ, ಅಳತೆಗೆ ಈ ಕೋಲು ಒಂದೇ. ಆದ್ದರಿಂದ ಎರಡು ತೋಟಗಳನ್ನು ಹೋಲಿಸುವುದರಲ್ಲಿ ಗೊಂದಲವಿರಲಿಲ್ಲ.

ಕಾಲವನ್ನು ಅಳೆಯುವುದರಲ್ಲಿ ಮಾತ್ರ ಇದೇ ಸೀಮೆಗೆ ಆ ಭಾಗ್ಯ ಇರಲಿಲ್ಲ. ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ ಕಲ್ಲಿನ ಮೇಲೆ, ತಾಮ್ರದ ಹಲಗೆಯ ಮೇಲೆ, ನಾಣ್ಯದ ಮೇಲೆ, ಪ್ರವಾಸಿಗಳ ಪತ್ರಗಳಲ್ಲಿ ನೂರಾರು ತಾರೀಖುಗಳು ಉಳಿದಿವೆ. ಒಂದು ಶಕವರ್ಷದಲ್ಲಿದೆ, ಇನ್ನೊಂದು ಹಿಜರಿಯಲ್ಲಿದೆ, ಮತ್ತೊಂದು ರೋಮಿನ ಪೋಪ್ ತಿದ್ದಿದ ಪಂಚಾಂಗದಲ್ಲಿದೆ. ಇವುಗಳಲ್ಲಿ ಯಾವುದಾದರೂ ಎರಡನ್ನು ಆರಿಸಿ, ನಡುವೆ ಕಳೆದ ಕಾಲವೆಷ್ಟು ಎಂದು ಕೇಳಿದರೆ ಉತ್ತರ ಹೇಳುವುದು ತೋರಿದಷ್ಟು ಸುಲಭವಲ್ಲ. ಆದರೆ ಚರಿತ್ರೆಯ ಬಹುಪಾಲು ನಿಂತಿರುವುದೇ ಈ ಉತ್ತರದ ಮೇಲೆ.

ಕಲ್ಲು ಹೇಳುವ ದಿನ

ಈ ಮೂರು ತಾಲ್ಲೂಕುಗಳ ಶಾಸನಗಳನ್ನು ರೈಸ್ ಅವರು ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಎಂಟನೆಯ ಸಂಪುಟದಲ್ಲಿ, ಸೊರಬ ತಾಲ್ಲೂಕಿನವುಗಳೊಡನೆ ಸೇರಿಸಿ, 1904ರಲ್ಲಿ ಪ್ರಕಟಿಸಿದರು. ಇಂದಿನ ಹೊಸನಗರ ತಾಲ್ಲೂಕು ಅದರಲ್ಲಿ ‘ನಗರ’ ಎಂಬ ಹೆಸರಿನಲ್ಲಿದೆ. ಆ ಸಂಪುಟವನ್ನು ತಿರುವಿದರೆ ಶಾಸನಗಳು ದಿನವನ್ನು ಹೇಳುವ ಕ್ರಮ ಬೇಗ ಪರಿಚಯವಾಗುತ್ತದೆ. ಮೊದಲು ಶಕವರ್ಷ, ಆಮೇಲೆ ಸಂವತ್ಸರದ ಹೆಸರು, ಬಳಿಕ ಮಾಸ, ಪಕ್ಷ, ತಿಥಿ, ಕೊನೆಗೆ ವಾರ. ಕೆಲವೊಮ್ಮೆ ನಕ್ಷತ್ರ, ಸಂಕ್ರಮಣ ಇಲ್ಲವೇ ಗ್ರಹಣವೂ ಸೇರಿರುತ್ತದೆ.

ಇದನ್ನು ವೃಥಾ ವಿಸ್ತಾರವೆಂದು ಎಣಿಸಬಾರದು. ಇಲ್ಲಿ ಒಂದು ಅಂಶ ಇನ್ನೊಂದಕ್ಕೆ ಸಾಕ್ಷಿ. ಶಕವರ್ಷಕ್ಕೆ 12 ಸೇರಿಸಿ 60ರಿಂದ ಭಾಗಿಸಿದರೆ ಉಳಿಯುವ ಶೇಷವೇ ಪ್ರಭವದಿಂದ ಎಣಿಸಿದ ಸಂವತ್ಸರದ ಸಂಖ್ಯೆ. ಹೊಸನಗರ ತಾಲ್ಲೂಕಿನ ಹುಂಚದಲ್ಲಿ ಚಟ್ಟಲದೇವಿ ಕಟ್ಟಿಸಿದ ಪಂಚಬಸದಿಯ ಶಾಸನದ ಕಾಲ ಶಕ 999, ಅಂದರೆ ಕ್ರಿ.ಶ. 1077. 999ಕ್ಕೆ 12 ಸೇರಿಸಿದರೆ 1011. ಅರವತ್ತರಿಂದ ಭಾಗಿಸಿದರೆ ಶೇಷ 51. ಐವತ್ತೊಂದನೆಯದು ಪಿಂಗಳ ಸಂವತ್ಸರ. ಶಾಸನದಲ್ಲಿರುವುದೂ ಅದೇ. ಶಿಲ್ಪಿ ಅಂಕೆಯನ್ನು ತಪ್ಪಾಗಿ ಕೊರೆದಿದ್ದರೆ ಇಲ್ಲಿಯೇ ಸಿಕ್ಕಿಬೀಳುತ್ತಿದ್ದ.

ಆದರೆ ಸಂವತ್ಸರದ ಹೆಸರೊಂದನ್ನೇ ನಂಬಿದರೆ ಅಪಾಯವಿದೆ. ಅದೇ ಹುಂಚದಲ್ಲಿ ತೋಲಾಪುರುಷ ವಿಕ್ರಮಾದಿತ್ಯ ಸಾಂತರನ ಕಾಲದ, ಕ್ರಿ.ಶ. 897ರದೆಂದು ಗುರುತಿಸಿರುವ ಇನ್ನೊಂದು ಶಾಸನವಿದೆ. ಮೇಲಿನ ಲೆಕ್ಕವನ್ನು ಶಕ 819ಕ್ಕೆ ಹಾಕಿ ನೋಡಿ: ಶೇಷ ಮತ್ತೆ 51, ಮತ್ತೆ ಪಿಂಗಳ. ಎರಡರ ನಡುವೆ ಸರಿಯಾಗಿ ಮೂರು ಸುತ್ತು, ಅಂದರೆ 180 ವರ್ಷ. ಶಕವರ್ಷ ಅಳಿಸಿಹೋಗಿ ಸಂವತ್ಸರವಷ್ಟೇ ಉಳಿದಿರುವ ಒಡೆದ ಕಲ್ಲು ಸಿಕ್ಕಿದರೆ, ತಾತನನ್ನೂ ಮರಿಮಗನ ಮರಿಮಗನನ್ನೂ ಒಂದೇ ವರ್ಷದಲ್ಲಿ ಕೂರಿಸಿಬಿಡುವ ಸಾಧ್ಯತೆ ಇದೆ. ಆಗ ಲಿಪಿಯ ರೂಪ, ರಾಜನ ಬಿರುದು, ವಾರ-ತಿಥಿಗಳ ಹೊಂದಾಣಿಕೆ ಇವೇ ಶಾಸನತಜ್ಞನಿಗೆ ಗತಿ.

ಒಂದು ವರ್ಷದ ಎಡವಟ್ಟು

ಶಕವರ್ಷಕ್ಕೆ 78 ಕೂಡಿಸಿದರೆ ಕ್ರಿಸ್ತಶಕ ಬರುತ್ತದೆ ಎಂದು ಶಾಲೆಯಲ್ಲಿ ಕಲಿಯುತ್ತೇವೆ. ಇದು ಮುಕ್ಕಾಲು ಭಾಗ ಮಾತ್ರ ನಿಜ. ಶಕವರ್ಷ ಯುಗಾದಿಗೆ ಶುರುವಾಗುತ್ತದೆ, ಇಂಗ್ಲಿಷ್ ವರ್ಷ ಜನವರಿಗೆ. ಹೀಗಾಗಿ ಪುಷ್ಯದ ಒಂದು ಭಾಗ, ಮಾಘ, ಫಾಲ್ಗುಣಗಳಿಗೆ 79 ಕೂಡಿಸಬೇಕು. ಇದರ ಮೇಲೆ ‘ಗತ’ ಮತ್ತು ‘ವರ್ತಮಾನ’ ಎಂಬ ಇನ್ನೊಂದು ತೊಡಕು. ನಮಗೆ ಇಪ್ಪತ್ತು ವರ್ಷ ತುಂಬಿದಾಗ ಇಪ್ಪತ್ತೊಂದು ನಡೆಯುತ್ತಿದೆ ಎನ್ನುವುದಿಲ್ಲವೇ, ಹಾಗೆಯೇ ಕೆಲವು ಬರೆಹಗಾರರು ಕಳೆದ ವರ್ಷಗಳನ್ನು ಎಣಿಸಿದರೆ ಕೆಲವರು ನಡೆಯುತ್ತಿರುವ ವರ್ಷವನ್ನು ಎಣಿಸುತ್ತಿದ್ದರು. ಎರಡೂ ಶಕವರ್ಷಗಳೇ, ಅಂತರ ಮಾತ್ರ ಒಂದು.

ಕೆಳದಿ ಸಂಸ್ಥಾನದ ಮೂಲಪುರುಷ ಚೌಡಪ್ಪನಾಯಕನ ಆಳ್ವಿಕೆಯ ಆರಂಭ ಕೆಲವು ಪುಸ್ತಕಗಳಲ್ಲಿ 1499, ಇನ್ನು ಕೆಲವುಗಳಲ್ಲಿ 1500 ಎಂದಿರುವುದನ್ನು ಓದುಗರು ಗಮನಿಸಿರಬಹುದು. ಇಂಥ ಒಂದು ವರ್ಷದ ಭೇದಗಳು ಸಾಮಾನ್ಯವಾಗಿ ಹುಟ್ಟುವುದು ಹೀಗೆ. ಪಟ್ಟಿಯೊಂದರಲ್ಲಿ ಇದು ದೊಡ್ಡ ತಪ್ಪೆನಿಸದು. ಆದರೆ ಒಬ್ಬ ಅರಸನ ಸಾವು ಗತವರ್ಷದಲ್ಲೂ ಮುಂದಿನವನ ಪಟ್ಟ ವರ್ತಮಾನ ವರ್ಷದಲ್ಲೂ ದಾಖಲಾದರೆ, ನಡುವೆ ಅರಸನೇ ಇಲ್ಲದ ಒಂದು ವರ್ಷ ಕಾಗದದ ಮೇಲೆ ಹುಟ್ಟಿಕೊಳ್ಳುತ್ತದೆ. ಆ ಖಾಲಿ ವರ್ಷಕ್ಕೆ ಕಾರಣ ಹುಡುಕುತ್ತ ಯಾರೋ ಒಂದು ಅಂತಃಕಲಹವನ್ನೇ ಕಲ್ಪಿಸಿಬಿಡಬಹುದು.

ವರ್ಷದಿಂದ ದಿನಕ್ಕೆ ಇಳಿದರೆ ತೊಡಕು ಇನ್ನೂ ಹೆಚ್ಚು. ಚಾಂದ್ರಮಾಸದಲ್ಲಿ ತಿಥಿಗಳು ಮೂವತ್ತು, ದಿನಗಳು ಸರಾಸರಿ ಇಪ್ಪತ್ತೊಂಬತ್ತೂವರೆ. ಆದ್ದರಿಂದ ಆಗಾಗ ಒಂದು ತಿಥಿ ಸೂರ್ಯೋದಯವನ್ನೇ ಕಾಣದೆ ಕಳೆದುಹೋಗುತ್ತದೆ, ಅದು ಕ್ಷಯತಿಥಿ. ಸುಮಾರು ಮೂವತ್ತೆರಡು-ಮೂವತ್ತಮೂರು ತಿಂಗಳಿಗೊಮ್ಮೆ ಅಧಿಕಮಾಸ ಬರುತ್ತದೆ. ಈ ವರ್ಷದ ಶ್ರಾದ್ಧದ ತಿಥಿಯಿಂದ ಮುಂದಿನ ವರ್ಷದ ಅದೇ ತಿಥಿಗೆ ಒಮ್ಮೆ 354 ದಿನವಾದರೆ ಇನ್ನೊಮ್ಮೆ 384 ದಿನವಾದೀತು. ಸಾಲದ ಬಡ್ಡಿಯನ್ನು ತಿಂಗಳ ಲೆಕ್ಕದಲ್ಲಿ ಕೊಡುತ್ತಿದ್ದವನಿಗೆ ಅಧಿಕಮಾಸ ಎಂದರೆ ಏನೆಂದು ಬೇರೆ ಹೇಳಬೇಕಾಗಿಲ್ಲ.

ಇಕ್ಕೇರಿಯ ಇಬ್ಬರು ಅತಿಥಿಗಳು

ಬೇರೆ ಬೇರೆ ಅಳತೆಗೋಲುಗಳು ಒಂದೇ ಊರಿನಲ್ಲಿ ಸಂಧಿಸಿದರೆ ಏನಾಗುತ್ತದೆ ಎಂಬುದಕ್ಕೆ ಇಕ್ಕೇರಿಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ವೆಂಕಟಪ್ಪನಾಯಕನ ಕಾಲದಲ್ಲಿ ಗೋವೆಯ ಪೋರ್ಚುಗೀಸರು ಕಳಿಸಿದ ರಾಯಭಾರಿಯ ಜತೆಗೂಡಿ ಇಟಲಿಯ ಪ್ರವಾಸಿ ಪಿಯೆತ್ರೋ ದೆಲ್ಲಾ ವಾಲೆ ಇಲ್ಲಿಗೆ ಬಂದ. ಹೊನ್ನಾವರದಿಂದ ಗೇರುಸೊಪ್ಪೆಯ ಮೂಲಕ ಘಟ್ಟ ಹತ್ತುವಾಗ ಗುಡಿಯೊಂದರ ಜಗಲಿಯಲ್ಲಿ ನಾಲ್ವರು ಹುಡುಗರು ರಾಗವಾಗಿ ಹೇಳಿಕೊಳ್ಳುತ್ತ, ನೆಲದ ಮೇಲೆ ಹರಡಿದ ನಯವಾದ ಮರಳಿನಲ್ಲಿ ಬೆರಳಿನಿಂದ ಅಂಕೆ ಬರೆಯುತ್ತ ಲೆಕ್ಕ ಕಲಿಯುತ್ತಿದ್ದುದನ್ನು ಕಂಡು ಬೆರಗಾಗಿ ವಿವರವಾಗಿ ಬರೆದಿಟ್ಟಿದ್ದಾನೆ. ಇಕ್ಕೇರಿಯಿಂದ ಅವನು ಬರೆದ ಪತ್ರದ ತಾರೀಖು 1623ರ ನವೆಂಬರ್ 22. ಊರಿನವರಿಗೆ ಅದು ಶಕ 1545, ರುಧಿರೋದ್ಗಾರಿ ಸಂವತ್ಸರದ ಕಾರ್ತಿಕ ಮಾಸದ ಕೊನೆ.

ಈ ನವೆಂಬರ್ 22 ಯಾವ ನವೆಂಬರ್ 22? ಪೋಪ್ ಹದಿಮೂರನೆಯ ಗ್ರೆಗರಿ 1582ರಲ್ಲಿ ಹಳೆಯ ಜೂಲಿಯನ್ ಪಂಚಾಂಗವನ್ನು ತಿದ್ದಿ, ಅಕ್ಟೋಬರ್ 4ರ ಮರುದಿನವನ್ನು ಅಕ್ಟೋಬರ್ 15 ಎಂದು ಕರೆಸಿದ. ಇಟಲಿ, ಸ್ಪೇನ್, ಪೋರ್ಚುಗಲ್ ಕೂಡಲೇ ಒಪ್ಪಿದವು. ಪೋಪನನ್ನು ಒಪ್ಪದ ಇಂಗ್ಲೆಂಡ್ 1752ರವರೆಗೆ ಹಳೆಯದನ್ನೇ ಹಿಡಿದುಕೊಂಡಿತು. ದೆಲ್ಲಾ ವಾಲೆ ಇಟಲಿಯವನಾದ್ದರಿಂದ ಅವನದು ಹೊಸ ಪಂಚಾಂಗವೆಂದು ಊಹಿಸಬಹುದು. ಊಹೆಯನ್ನು ಪರೀಕ್ಷಿಸಲು ಅವನೇ ಒಂದು ದಾರಿ ಬಿಟ್ಟುಹೋಗಿದ್ದಾನೆ. ಹೊನ್ನಾವರದಲ್ಲಿದ್ದಾಗ ಅಕ್ಟೋಬರ್ 24ರಂದು ದೀಪಾವಳಿಯೆಂದೂ, ತನ್ನ ಲೆಕ್ಕ ಸರಿಯಿದ್ದರೆ ಮುಸಲ್ಮಾನರ ಹಿಜರಿ 1033 ಅಂದೇ ಆರಂಭವೆಂದೂ ಬರೆದಿದ್ದಾನೆ. ಚಂದ್ರನ ಗತಿಯನ್ನು ಹಿಂದಕ್ಕೆ ಎಣಿಸಿದರೆ ಗ್ರೆಗರಿ ಪಂಚಾಂಗದ 1623ರ ಅಕ್ಟೋಬರ್ 23-24ರ ಸುಮಾರಿಗೇ ಅಮಾವಾಸ್ಯೆ ಬೀಳುತ್ತದೆ. ಅವನು ಹಳೆಯ ಪಂಚಾಂಗ ಬಳಸಿದ್ದರೆ ಆ ದಿನ ನಮ್ಮ ಲೆಕ್ಕಕ್ಕೆ ನವೆಂಬರ್ 3 ಆಗುತ್ತಿತ್ತು. ದೀಪಾವಳಿ ಕಳೆದು ಹತ್ತು ದಿನ. ಹೀಗೆ ಹೊನ್ನಾವರದ ಹಣತೆಗಳು ರೋಮಿನ ಪಂಚಾಂಗಕ್ಕೆ ಸಾಕ್ಷಿ ನುಡಿಯುತ್ತವೆ.

ಎರಡನೆಯ ಅತಿಥಿ ಪೀಟರ್ ಮಂಡಿ ಎಂಬ ಇಂಗ್ಲಿಷಿನವ. ವೆಡೆಲ್ ಎಂಬ ಕಪ್ತಾನನ ಹಡಗುಗಳಲ್ಲಿ ಭಟ್ಕಳಕ್ಕೆ ಬಂದು, 1637ರ ಮೊದಲ ತಿಂಗಳುಗಳಲ್ಲಿ ಇಕ್ಕೇರಿಗೆ ಹೋಗಿ ವೀರಭದ್ರನಾಯಕನ ಆಸ್ಥಾನ ಕಂಡ. ಆ ಕಾಲದ ಇಂಗ್ಲಿಷರ ತಾರೀಖು ನಮ್ಮದಕ್ಕಿಂತ ಹತ್ತು ದಿನ ಹಿಂದೆ. ಇಷ್ಟೇ ಅಲ್ಲ, ಅವರ ಹೊಸ ವರ್ಷ ಆರಂಭವಾಗುತ್ತಿದ್ದುದು ಮಾರ್ಚ್ 25ಕ್ಕೆ. ಅಂದರೆ ನಾವು 1637ರ ಮಾರ್ಚ್ 11 ಎನ್ನುವ ದಿನವನ್ನು ಆ ಕಾಲದ ಇಂಗ್ಲಿಷ್ ಗುಮಾಸ್ತ 1636ರ ಮಾರ್ಚ್ 1 ಎಂದು ಬರೆಯುತ್ತಿದ್ದ. ದೆಲ್ಲಾ ವಾಲೆಯ ಪತ್ರದ ದಿನದಿಂದ ಈ ದಿನಕ್ಕೆ ಬರೆದ ಅಂಕೆಗಳನ್ನೇ ನಂಬಿ ಎಣಿಸಿದರೆ 4,483 ದಿನ ಬರುತ್ತದೆ. ನಿಜವಾಗಿ ಕಳೆದಿರುವುದು 4,858 ದಿನ. ಅಂತರ 375 ದಿನ: ಪೂರ್ತಿ ಒಂದು ವರ್ಷ, ಮೇಲೆ ಹತ್ತು ದಿನ.

ಇದರಿಂದ ಏನು ಕೆಡುತ್ತದೆ ಎಂದು ಕೇಳಬಹುದು. 1637ರಲ್ಲೇ ಬಿಜಾಪುರದ ಸೇನೆ ರಣದುಲ್ಲಾಖಾನನ ನಾಯಕತ್ವದಲ್ಲಿ ಇಕ್ಕೇರಿಯ ಮೇಲೆ ಎರಗಿತು. ಮುಂದೆ ಕೆಲವೇ ವರ್ಷಗಳಲ್ಲಿ ರಾಜಧಾನಿ ಬಿದನೂರಿಗೆ ಸರಿಯಿತು. ಮಂಡಿ ನೋಡಿದ್ದು ದಾಳಿಗೆ ಕೆಲವು ತಿಂಗಳು ಮೊದಲಿನ ಇಕ್ಕೇರಿಯನ್ನೋ, ಅದಕ್ಕೂ ಒಂದು ವರ್ಷ ಹಿಂದಿನ ನೆಮ್ಮದಿಯ ಇಕ್ಕೇರಿಯನ್ನೋ ಎಂಬುದು ಈ 375 ದಿನಗಳಲ್ಲಿ ಅಡಗಿದೆ. ಅವನು ವರ್ಣಿಸಿದ ಊರನ್ನು ಓದುವ ಕಣ್ಣೇ ಬದಲಾಗುತ್ತದೆ.

ನಗರದ ನಾಣ್ಯ

ಬಿದನೂರನ್ನು 1763ರಲ್ಲಿ ಹೈದರಾಲಿ ರಾಣಿ ವೀರಮ್ಮಾಜಿಯಿಂದ ಗೆದ್ದುಕೊಂಡು ಹೈದರ್‌ನಗರ ಎಂದು ಹೆಸರಿಟ್ಟ. ಅದೇ ಇಂದಿನ ನಗರ. ಅಲ್ಲಿನ ಟಂಕಸಾಲೆ ಹೈದರ್-ಟಿಪ್ಪು ಕಾಲದಲ್ಲಿ ಬಹಳ ಮುಖ್ಯವಾದದ್ದು. 1783ರ ಆರಂಭದಲ್ಲಿ ಜನರಲ್ ಮ್ಯಾಥ್ಯೂಸ್ ಊರನ್ನು ಹಿಡಿದ. ಕೆಲವೇ ತಿಂಗಳಲ್ಲಿ ಟಿಪ್ಪು ಅದನ್ನು ಮರಳಿ ಪಡೆದ. ಹಿಜರಿಯ ಲೆಕ್ಕದಲ್ಲಿ ಅದು 1197.

ನಾಲ್ಕಾರು ವರ್ಷ ಕಳೆಯುವಷ್ಟರಲ್ಲಿ ಟಿಪ್ಪು ಹಿಜರಿಯನ್ನು ಬಿಟ್ಟು ‘ಮೌಲೂದಿ’ ಎಂಬ ಹೊಸ ಶಕವನ್ನು ಜಾರಿಗೆ ತಂದ. ಹಿಜರಿ ವರ್ಷ ಬರಿಯ ಚಾಂದ್ರವರ್ಷ, 354 ದಿನದ್ದು; ಮಳೆ-ಬೆಳೆಗೂ ಕಂದಾಯದ ಕಂತಿಗೂ ಅದು ಕೂಡಿಬರುವುದಿಲ್ಲ. ಟಿಪ್ಪುವಿನ ಹೊಸ ವರ್ಷ ನಮ್ಮ ಪಂಚಾಂಗದಂತೆಯೇ ಚಾಂದ್ರಸೌರ. ಅರವತ್ತು ಸಂವತ್ಸರಗಳಿಗೆ ಸಮನಾಗಿ ಅರವತ್ತು ಹೊಸ ಹೆಸರುಗಳೂ ಇದ್ದವು. 1787-88ರ ಸುಮಾರಿನ ವರ್ಷ ಈ ಶಕದಲ್ಲಿ 1215. ನಾಣ್ಯಗಳ ಮೇಲೆ ಅಂಕೆಗಳನ್ನು ಬಲದಿಂದ ಎಡಕ್ಕೆ ಬರೆಸಿದ್ದರಿಂದ ಅದು ಕಣ್ಣಿಗೆ 5121 ಎಂದು ಕಾಣುತ್ತದೆ!

ಈಗ 1197ರ ನಾಣ್ಯವನ್ನೂ 1215ರ ನಾಣ್ಯವನ್ನೂ ಅಕ್ಕಪಕ್ಕ ಇಟ್ಟು ಕಳೆದು ನೋಡಿದರೆ ಹದಿನೆಂಟು ವರ್ಷ. ವಾಸ್ತವದಲ್ಲಿ ಕಳೆದದ್ದು ನಾಲ್ಕೈದೇ ವರ್ಷ. ಟಿಪ್ಪು ಆಳಿದ್ದೇ 1782ರ ಕೊನೆಯಿಂದ 1799ರವರೆಗೆ ಎಂಬುದನ್ನು ನೆನೆದರೆ, ಅಂಕೆ ಕಳೆಯುವವನು ಅವನ ಇಡೀ ಆಳ್ವಿಕೆಯನ್ನು ಎರಡು ನಾಣ್ಯಗಳ ನಡುವೆಯೇ ಮುಗಿಸಿಬಿಡುತ್ತಾನೆ.

ದಿನಗಳ ಒಂದೇ ಸಾಲು

ಹಾಗಾದರೆ ಪರಿಹಾರವೇನು? ಅದನ್ನು ನಮ್ಮ ಜ್ಯೋತಿಷಿಗಳು ಬಹು ಹಿಂದೆಯೇ ಕಂಡುಕೊಂಡಿದ್ದರು. ವರ್ಷ, ಮಾಸ, ಪಕ್ಷಗಳನ್ನೆಲ್ಲ ಬದಿಗಿಟ್ಟು, ಯಾವುದೋ ಒಂದು ನಿಶ್ಚಿತ ದಿನದಿಂದ ಒಂದು, ಎರಡು, ಮೂರು ಎಂದು ಹಗಲುಗಳನ್ನಷ್ಟೇ ಎಣಿಸುತ್ತ ಹೋಗುವುದು. ಇದರ ಹೆಸರು ಅಹರ್ಗಣ. ಕಲಿಯುಗದ ಆರಂಭವೆಂದು ಅವರು ಹಿಡಿದ ದಿನ ಕ್ರಿ.ಪೂ. 3102ರ ಫೆಬ್ರವರಿ 18, ಶುಕ್ರವಾರ. ಪಂಚಾಂಗ ಕರ್ತೃ ಗ್ರಹಗತಿಯನ್ನು ಗುಣಿಸುವ ಮೊದಲು ಮಾಡುತ್ತಿದ್ದ ಕೆಲಸ ಅಹರ್ಗಣ ಸಾಧನೆ. ಅದನ್ನು ಏಳರಿಂದ ಭಾಗಿಸಿ, ಉಳಿದ ಶೇಷವನ್ನು ಶುಕ್ರವಾರದಿಂದ ಎಣಿಸಿದರೆ ವಾರ ಸಿಗಬೇಕು. ಸಿಗದಿದ್ದರೆ ಲೆಕ್ಕ ತಪ್ಪಿದೆ ಎಂದರ್ಥ.

ದೆಲ್ಲಾ ವಾಲೆ ಇಕ್ಕೇರಿಯಿಂದ ಪತ್ರ ಬರೆದ ದಿನದ ಕಲಿ ಅಹರ್ಗಣ 17,25,708. ಏಳರಿಂದ ಭಾಗಿಸಿದರೆ ಶೇಷ 5. ಶುಕ್ರವಾರದಿಂದ ಐದು ದಿನ ಮುಂದೆ ಬುಧವಾರ. 1623ರ ನವೆಂಬರ್ 22 ಬುಧವಾರವೇ.

ಇಂದಿನ ಕಂಪ್ಯೂಟರ್ ಮಾಡುವುದೂ ಇದನ್ನೇ. ಸಂಖ್ಯಾಶಾಸ್ತ್ರಜ್ಞರು ಬಳಸುವ ‘ಆರ್’ ಎಂಬ ಕಂಪ್ಯೂಟರ್ ಭಾಷೆಯೊಂದಿದೆ. ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾಲಯದಲ್ಲಿ ರಾಸ್ ಇಹಾಕಾ ಮತ್ತು ರಾಬರ್ಟ್ ಜೆಂಟಲ್‌ಮನ್ ಎಂಬಿಬ್ಬರು 1990ರ ದಶಕದ ಆರಂಭದಲ್ಲಿ ಇದನ್ನು ರೂಪಿಸಿದರು. ತಾರೀಖನ್ನು ಕೊಟ್ಟರೆ ಅದು ಒಳಗೆ ಇಟ್ಟುಕೊಳ್ಳುವುದು ಒಂದು ಸಂಖ್ಯೆಯನ್ನು ಮಾತ್ರ: 1970ರ ಜನವರಿ 1ರಿಂದ ಎಷ್ಟು ದಿನ ಎಂದು. ಆ ದಿನ ಸೊನ್ನೆ, ಹಿಂದಿನವು ಋಣಸಂಖ್ಯೆಗಳು. ಇಕ್ಕೇರಿಯ ಪತ್ರದ ದಿನ ಅದಕ್ಕೆ ಋಣ 1,26,414. ಎರಡು ತಾರೀಖುಗಳ ಅಂತರವೆಂದರೆ ಎರಡು ಸಂಖ್ಯೆಗಳ ವ್ಯವಕಲನ, ಅಷ್ಟೇ. ಕಲಿಯುಗಾದಿಯ ಬದಲು 1970 ಎಂಬುದನ್ನು ಬಿಟ್ಟರೆ ಅಹರ್ಗಣಕ್ಕೂ ಇದಕ್ಕೂ ಭೇದವಿಲ್ಲ.

ಇದರಲ್ಲಿ ಒಂದು ಸ್ವಾರಸ್ಯವಿದೆ. ಅಂತರವನ್ನು ಗಂಟೆಗಳಲ್ಲಿ, ದಿನಗಳಲ್ಲಿ, ವಾರಗಳಲ್ಲಿ ಹೇಳೆಂದರೆ ಆರ್ ಭಾಷೆಯ ಈ ವ್ಯವಕಲನ ಹೇಳುತ್ತದೆ. ತಿಂಗಳಲ್ಲೋ ವರ್ಷದಲ್ಲೋ ಹೇಳೆಂದರೆ ಒಪ್ಪುವುದಿಲ್ಲ. ತಿಂಗಳೆಂದರೆ ಒಮ್ಮೆ 28 ದಿನ, ಒಮ್ಮೆ 31. ವರ್ಷವೆಂದರೆ 365 ಇಲ್ಲವೇ 366. ಉದ್ದ ಬದಲಾಗುವ ಕೋಲಿನಿಂದ ತೋಟ ಅಳೆಯುವುದು ಹೇಗೆ?

ಆದರೆ ಯಂತ್ರಕ್ಕೂ ಒಂದು ಕುರುಡು ಇದೆ. ಅದು ಎಷ್ಟೇ ಹಿಂದಕ್ಕೆ ಹೋದರೂ ಗ್ರೆಗರಿಯ ಪಂಚಾಂಗವೇ ಆಗ ಇತ್ತೆಂದು ಭಾವಿಸುತ್ತದೆ. ಶಾಸನಗಳ ಇಂಗ್ಲಿಷ್ ತಾರೀಖುಗಳನ್ನು ನಮ್ಮ ವಿದ್ವಾಂಸರು 1582ಕ್ಕೆ ಹಿಂದಿನವಾದರೆ ಸಾಮಾನ್ಯವಾಗಿ ಜೂಲಿಯನ್ ಕ್ರಮದಲ್ಲೇ ಕೊಟ್ಟಿದ್ದಾರೆ. ರಾಬರ್ಟ್ ಸೀವೆಲ್ ಮತ್ತು ಶಂಕರ ಬಾಲಕೃಷ್ಣ ದೀಕ್ಷಿತರು 1896ರಲ್ಲಿ ಪ್ರಕಟಿಸಿದ ಕೋಷ್ಟಕಗಳೂ ಎಲ್.ಡಿ. ಸ್ವಾಮಿಕಣ್ಣು ಪಿಳ್ಳೈಯವರು 1922ರಲ್ಲಿ ಹೊರತಂದ ಬೃಹತ್ ಪಂಚಾಂಗ ಸಂಪುಟಗಳೂ ಈ ಪರಿವರ್ತನೆಗೆ ಆಧಾರ. ಆ ತಾರೀಖನ್ನು ತಿದ್ದದೆ ಯಂತ್ರಕ್ಕೆ ಕೊಟ್ಟರೆ ಉತ್ತರ ಬರುತ್ತದೆ, ಆದರೆ ತಪ್ಪು ಉತ್ತರ. ಉದಾಹರಣೆಗೆ 1521ರ ಏಪ್ರಿಲ್ 7 ಜೂಲಿಯನ್ ಕ್ರಮದಲ್ಲಿ ಭಾನುವಾರ; ಆರ್ ಭಾಷೆಯನ್ನು ಕೇಳಿದರೆ ಗುರುವಾರ ಎನ್ನುತ್ತದೆ.

ಸುಳ್ಳು ಹೇಳದ ವಾರ

1521ರ ಏಪ್ರಿಲ್ 7ನ್ನು ಸುಮ್ಮನೆ ಆರಿಸಿದ್ದಲ್ಲ. ಪಾಂಡವರ ಮರಿಮಗ ಜನಮೇಜಯ ಸರ್ಪಯಾಗದ ಸಮಯದಲ್ಲಿ ಕೊಟ್ಟದ್ದೆಂದು ಹೇಳಿಕೊಳ್ಳುವ ಕೆಲವು ತಾಮ್ರಶಾಸನಗಳು ಶಿವಮೊಗ್ಗ ಸೀಮೆಯಲ್ಲಿ ದೊರೆತಿವೆ. ಗೌಜ ಅಗ್ರಹಾರದ ಶಾಸನ ಅವುಗಳಲ್ಲೊಂದು. ಅದರಲ್ಲಿ ಸೂರ್ಯಗ್ರಹಣವೊಂದರ ಉಲ್ಲೇಖವಿದೆ. ಇಂಗ್ಲೆಂಡಿನ ರಾಜಖಗೋಳಜ್ಞರಾಗಿದ್ದ ಸರ್ ಜಾರ್ಜ್ ಏರಿ ಲೆಕ್ಕಹಾಕಿ, ಆ ಗ್ರಹಣ 1521ರ ಏಪ್ರಿಲ್ 7, ಭಾನುವಾರಕ್ಕೆ ಹೊಂದುತ್ತದೆ ಎಂದರು. ಅದು ಕೃಷ್ಣದೇವರಾಯನ ಕಾಲ! ಶಾಸನಗಳ ನಿಜವಾದ ಕಾಲದ ಬಗ್ಗೆ ವಿದ್ವಾಂಸರಲ್ಲಿ ಬೇರೆ ಊಹೆಗಳೂ ಬಂದವು. ಆದರೆ ಅವು ಮಹಾಭಾರತ ಕಾಲದವಲ್ಲ, ಕೂಟಶಾಸನಗಳು ಎಂಬುದು ತಜ್ಞರ ತೀರ್ಮಾನ.

ಇದೇ ಗುಂಪಿನ ಇನ್ನೊಂದು ಶಾಸನ ತೀರ್ಥಹಳ್ಳಿ ತಾಲ್ಲೂಕಿನ ಭೀಮನಕಟ್ಟೆಯದು. ಅದರ ಕಾಲ ಯುಧಿಷ್ಠಿರ ಶಕ 89, ಪ್ಲವಂಗ ಸಂವತ್ಸರ, ಅಮಾವಾಸ್ಯೆ, ಸೋಮವಾರ. ಇದನ್ನು ಕಲಿಯ ಎಂಬತ್ತೊಂಬತ್ತನೆಯ ವರ್ಷವೆಂದು ಹಿಡಿದು ಇಂದಿನ ನಿಯಮದಂತೆ ಸಂವತ್ಸರವನ್ನು ಹಿಂದಕ್ಕೆ ಎಣಿಸಿದರೆ ಸರಿಯಾಗಿ ಪ್ಲವಂಗವೇ ಬರುತ್ತದೆ. ಮೇಲುನೋಟಕ್ಕೆ ಇದು ಶಾಸನದ ಸತ್ಯಕ್ಕೆ ಪುರಾವೆಯಂತೆ ಕಾಣುತ್ತದೆ. ವಾಸ್ತವವಾಗಿ ಇದೇ ಅದರ ಗುಟ್ಟು ಬಿಡುತ್ತದೆ. ಅರವತ್ತು ಸಂವತ್ಸರಗಳನ್ನು ಬಿಡದೆ ಸಾಲಾಗಿ ಎಣಿಸುವ ಪದ್ಧತಿ ದಕ್ಷಿಣದಲ್ಲಿ ನೆಲೆಯಾದದ್ದು ಶಕ 828ರಿಂದ ಈಚೆಗೆ, ಅಂದರೆ ಹತ್ತನೆಯ ಶತಮಾನದಲ್ಲಿ. ಅದಕ್ಕೆ ಮೊದಲು ಗುರುಗ್ರಹದ ಗತಿಯನ್ನು ಅನುಸರಿಸಿ ಸುಮಾರು 85 ವರ್ಷಕ್ಕೊಮ್ಮೆ ಒಂದು ಸಂವತ್ಸರವನ್ನು ಬಿಟ್ಟುಬಿಡುತ್ತಿದ್ದರು. ವಾರದ ಮಾತಂತೂ ಇನ್ನೂ ಸ್ಪಷ್ಟ. ಭಾರತದ ಶಾಸನಗಳಲ್ಲಿ ವಾರದ ಹೆಸರು ಮೊದಲು ಕಾಣಿಸುವುದು ಮಧ್ಯಪ್ರದೇಶದ ಏರಣದಲ್ಲಿರುವ ಬುಧಗುಪ್ತನ ಕಾಲದ ಶಾಸನದಲ್ಲಿ, ಕ್ರಿ.ಶ. 484ರಲ್ಲಿ. ಐದು ಸಾವಿರ ವರ್ಷದ ಹಿಂದಿನ ರಾಜ ಸೋಮವಾರ ದಾನ ಕೊಡುವುದು ಹೇಗೆ? ಈ ತಾರೀಖನ್ನು ಬರೆದವನು ಲೆಕ್ಕ ಬಲ್ಲವನು. ತನ್ನ ಕಾಲದ ಅಳತೆಗೋಲನ್ನೇ ಬಹಳ ಹಿಂದಿನ ಕಾಲಕ್ಕೂ ಹಿಡಿದ. ಆ ಕೋಲಿನಿಂದಲೇ ಸಿಕ್ಕಿಬಿದ್ದ.

ಭೀಮನಕಟ್ಟೆಯ ಕ್ಷೇತ್ರಕ್ಕೆ ಇದರಿಂದ ಯಾವ ಕುಂದೂ ಇಲ್ಲ. ಕೂಟಶಾಸನವೂ ತಾನು ಹುಟ್ಟಿದ ಕಾಲಕ್ಕೆ ಒಂದು ದಾಖಲೆಯೇ: ಆಗಿನವರಿಗೆ ಭೂಮಿಯ ಹಕ್ಕನ್ನು ಪುರಾಣಕ್ಕೆ ಗಂಟುಹಾಕುವ ಅಗತ್ಯ ಬಿದ್ದಿತ್ತು ಎಂಬುದನ್ನು ಅದು ಹೇಳುತ್ತದೆ. ಆದರೆ ಅದನ್ನು ಹಿಡಿದು ಮಹಾಭಾರತ ಯುದ್ಧದ ಕಾಲ ನಿರ್ಣಯಿಸಲು ಹೊರಡುವವರು ಇಂದಿಗೂ ಇದ್ದಾರೆ. ಗಣಕಯಂತ್ರದಲ್ಲಿ ತಾರೀಖು ಹಾಕಿ ಗ್ರಹಸ್ಥಿತಿ ಹೊರಡಿಸುವುದು ಈಗ ಕ್ಷಣದ ಕೆಲಸವಾದ್ದರಿಂದ ಇಂಥ ನಿರ್ಣಯಗಳೂ ಹೆಚ್ಚಿವೆ. ಯಂತ್ರ ದಿನಗಳನ್ನು ತಪ್ಪದೆ ಎಣಿಸುತ್ತದೆ, ಸರಿ. ಆದರೆ ಆ ತಾರೀಖು ಗತವೋ ವರ್ತಮಾನವೋ, ಜೂಲಿಯನ್ನೋ ಗ್ರೆಗರಿಯೋ, ಹಿಜರಿಯೋ ಮೌಲೂದಿಯೋ ಎಂದು ಅದು ಕೇಳುವುದಿಲ್ಲ. ಕೇಳಬೇಕಾದವರು ನಾವು.

ಇಕ್ಕೇರಿಯ ಅಳತೆಗೋಲನ್ನು ಮಾಡಿದವರಿಗೆ ಈ ವಿಷಯ ತಿಳಿದಿತ್ತು. ತೋಟ ಅಳೆಯುವ ಮೊದಲು ಕೋಲು ಯಾವುದೆಂದು ಎಲ್ಲರೂ ಒಪ್ಪಬೇಕು; ಆ ಒಪ್ಪಿಗೆ ಎಲ್ಲರ ಕಣ್ಣಿಗೂ ಕಾಣುವಂತೆ ಮೆಟ್ಟಿಲಿನ ಮೇಲೆ ಇರಬೇಕು. ಹಳೆಯ ತಾರೀಖೊಂದನ್ನು ಓದುವಾಗಲೂ ಮೊದಲು ಕೇಳಬೇಕಾದ ಪ್ರಶ್ನೆ ಅದೇ: ಇದನ್ನು ಬರೆದವನ ಕೈಯಲ್ಲಿದ್ದ ಕೋಲು ಯಾವುದು?